ದೈತ್ಯರ ಗಣನೆ: ಮೇಜಿನ ಕಾಳಗದಾಟದಲ್ಲಿ ಪಟ್ಟಿ, ಯಂತ್ರ ಮತ್ತು ವಿವೇಚನೆ

1. ವಿಷಯ ಪ್ರವೇಶ

ಆಟಗಳ ಇತಿಹಾಸವು ನಮ್ಮ ವಿದ್ಯಾಲಯಗಳಲ್ಲಿ ಗಂಭೀರವಾದ ವ್ಯಾಸಂಗಕ್ಕೆ ಅರ್ಹವೆಂದು ಎಣಿಸಲ್ಪಟ್ಟಿರುವುದು ಅಪರೂಪ. ರಾಜವಂಶಗಳ ಕಾಲನಿರ್ಣಯ, ಶಾಸನಗಳ ಪಾಠ, ಭೂಕಂದಾಯದ ಕ್ರಮ ಇವುಗಳ ಮುಂದೆ ಆಟವು ಹಗುರವಾದ ವಸ್ತುವಾಗಿ ತೋರುವುದು ಸಹಜವೇ ಸರಿ. ಆದರೆ ಜನರು ತಮ್ಮ ವಿರಾಮಕಾಲದಲ್ಲಿ ಯಾವುದನ್ನು ಎಣಿಸುತ್ತಾರೆ, ಯಾವುದನ್ನು ಊಹೆಗೆ ಬಿಡುತ್ತಾರೆ, ಯಾರ ತೀರ್ಪಿಗೆ ತಲೆಬಾಗುತ್ತಾರೆ ಎಂಬ ಪ್ರಶ್ನೆಗಳು ಇತಿಹಾಸಕಾರನಿಗೆ ಹೊರತಾದುವಲ್ಲ. ಈ ದೃಷ್ಟಿಯಿಂದ ಪ್ರಸ್ತುತ ಲೇಖನದಲ್ಲಿ ನಾವು ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಆಟದಲ್ಲಿ, ಆಟಗಾರರಿಗೆ ಎದುರಾಗಿ ನಿಲ್ಲುವ ದೈತ್ಯರನ್ನು ಕಾಳಗಕ್ಕೆ ಸಿದ್ಧಪಡಿಸುವ ಕೆಲಸವು ಕಾಗದದಿಂದ ಗಣಕಯಂತ್ರಕ್ಕೆ ಹೇಗೆ ಸಾಗಿತು, ಹಾಗೆ ಸಾಗಿದಾಗ ಗಳಿಸಿದ್ದೇನು, ಕಳೆದುಕೊಂಡಿದ್ದೇನು ಎಂಬುದೇ ಆ ವಿಷಯ.

ಈ ಆಟವನ್ನು ಅರಿಯದ ವಾಚಕರಿಗಾಗಿ ಅದರ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಬ್ಬೊಬ್ಬ ವೀರನ ಪಾತ್ರವನ್ನು ವಹಿಸುತ್ತಾರೆ. ಇನ್ನೊಬ್ಬನು ಮಾತ್ರ ಯಾವ ವೀರನ ಪಕ್ಷವನ್ನೂ ವಹಿಸದೆ, ಕಥೆಯ ಲೋಕವನ್ನೂ ಅದರಲ್ಲಿ ಎದುರಾಗುವ ಶತ್ರುಗಳನ್ನೂ ನಡೆಸುತ್ತಾನೆ. ಇಂಗ್ಲಿಷಿನಲ್ಲಿ ಇವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. ನಾವು ಇಲ್ಲಿ ಸೂತ್ರಧಾರನೆಂದು ಕರೆಯುತ್ತೇವೆ. ಪ್ರಸಂಗದ ಹಂದರವು ಮೊದಲೇ ಇದ್ದರೂ ಮಾತು ಆ ರಾತ್ರಿ ರಂಗದಲ್ಲಿಯೇ ಹುಟ್ಟುವ ನಮ್ಮ ಯಕ್ಷಗಾನದ ರೀತಿಯನ್ನು ಬಲ್ಲವರಿಗೆ ಈ ಆಟದ ನಡೆ ತೀರ ಅಪರಿಚಿತವೆನಿಸಲಾರದು. ಭೇದವಿಷ್ಟೆ: ಇಲ್ಲಿ ಕಾಳಗದ ಫಲವನ್ನು ನಿಶ್ಚಯಿಸುವುದು ದಾಳ. ದಾಳದ ಅಂಕೆಗೆ ಅರ್ಥ ಬರಬೇಕಾದರೆ ಪ್ರತಿಯೊಬ್ಬ ದೈತ್ಯನಿಗೂ ಮೊದಲೇ ಅಂಕೆಗಳು ಗೊತ್ತಾಗಿರಬೇಕು. ಅವನ ಪ್ರಾಣಾಂಕವೆಷ್ಟು, ಅವನ ಕವಚವನ್ನು ಭೇದಿಸಲು ಎಷ್ಟು ಬೀಳಬೇಕು, ಅವನ ಏಟಿಗೆ ಎಷ್ಟು ಹಾನಿ, ಇವೆಲ್ಲವನ್ನೂ ಒಂದೆಡೆ ಬರೆದಿಡುವುದನ್ನು ನಾವು ಗುಣಪಟ್ಟಿ ಎನ್ನುತ್ತೇವೆ. ದೈತ್ಯ ಎಂಬ ಪದವನ್ನಾದರೂ ಇಲ್ಲಿ ಪಾರಿಭಾಷಿಕವಾಗಿ ಬಳಸಿದ್ದೇವೆ. ಹಿರಿಯ ಇಲಿಯಿಂದ ಹಿಡಿದು ಬೆಂಕಿಯುಗುಳುವ ಡ್ರ್ಯಾಗನ್‌ವರೆಗೆ ಆಟದ ಪ್ರತಿಪಕ್ಷವೆಲ್ಲವೂ ಅದರಲ್ಲಿ ಅಡಗಿದೆ.

2. ಪಟ್ಟಿಯೋ ತೀರ್ಪೋ: ಒಂದು ಹಳೆಯ ವಿವಾದ

ಯಂತ್ರವು ಮನುಷ್ಯನ ವಿವೇಚನೆಯನ್ನು ಕಸಿದುಕೊಂಡಿತೆಂಬ ದೂರು ಈಗ ಸಾಮಾನ್ಯವಾಗಿದೆ. ಆದರೆ ಈ ಆಟದ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ, ಲೆಕ್ಕಕ್ಕೂ ತೀರ್ಪಿಗೂ ನಡುವಣ ತಿಕ್ಕಾಟವು ಗಣಕಯಂತ್ರಕ್ಕಿಂತ ಬಹಳ ಹಿಂದಿನದೆಂಬುದು ಕಂಡುಬರುತ್ತದೆ. ಭಾರತದ ಚತುರಂಗವು ಪಾರಸಿಕ ಮತ್ತು ಅರಬ್ಬೀ ದೇಶಗಳ ಮೂಲಕ ಯುರೋಪನ್ನು ಸೇರಿದುದು ಎಲ್ಲರಿಗೂ ತಿಳಿದ ಸಂಗತಿ. ಜರ್ಮನಿಯ ಬ್ರೌನ್‌ಷ್ವೈಗಿನ ಹೆಲ್ವಿಗ್ ಎಂಬ ಗಣಿತಜ್ಞನು ಈ ಚತುರಂಗವನ್ನೇ ಹಿಗ್ಗಿಸಿ, ನೆಲದ ಏರುತಗ್ಗುಗಳನ್ನು ಸೂಚಿಸುವ ಮನೆಗಳನ್ನು ಸೇರಿಸಿ, 1780ರಲ್ಲಿ ಒಂದು ಯುದ್ಧದಾಟವನ್ನು ಪ್ರಕಟಿಸಿದನು. ಪ್ರಷ್ಯದ ರೈಸ್‌ವಿಟ್ಸ್ ಎಂಬಾತನು 1812ರಲ್ಲಿ ಇದಕ್ಕಿಂತ ವಾಸ್ತವವಾದ ಆಟವೊಂದನ್ನು ತನ್ನ ಅರಸನಿಗೆ ಒಪ್ಪಿಸಿದನು. ಅವನ ಮಗನು 1824ರಲ್ಲಿ ಅದನ್ನು ತಿದ್ದಿ ಸೈನ್ಯದ ಅಧಿಕಾರಿಗಳ ಶಿಕ್ಷಣಕ್ಕೆ ಯೋಗ್ಯವಾಗುವಂತೆ ರೂಪಿಸಿದನು.

ಮಗನ ಆಟದಲ್ಲಿ ಚೌಕದ ಹಲಗೆಯಿಲ್ಲ. 1:8000 ಪ್ರಮಾಣದ ಭೂಪಟವಿದೆ. ಒಂದು ಸರದಿಯೆಂದರೆ ಯುದ್ಧದ ಎರಡು ನಿಮಿಷ. ಪಕ್ಷಗಳೆರಡಕ್ಕೂ ಹೊರತಾದ ತೀರ್ಪುಗಾರನೊಬ್ಬನು ಭೂಪಟದ ಮುಂದೆ ನಿಂತು, ಇಬ್ಬರ ಆಜ್ಞೆಗಳನ್ನೂ ಬರವಣಿಗೆಯಲ್ಲಿ ಪಡೆದು, ದಾಳವನ್ನು ಹಾಕಿ, ಪಟ್ಟಿಗಳನ್ನು ನೋಡಿ, ಎಷ್ಟು ಜನ ಬಿದ್ದರೆಂದು ಸಾರುವನು. ಶತ್ರುವಿನ ಯಾವ ದಳ ಯಾವ ಮರೆಯಲ್ಲಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಪಟ್ಟಿಗಳು ಬೆಳೆಯುತ್ತ ಹೋದಂತೆ ಆಟವು ನಿಧಾನವಾಯಿತು; ಪಟ್ಟಿ ನೋಡುವುದರಲ್ಲಿಯೇ ತೀರ್ಪುಗಾರನ ಹೊತ್ತು ಕಳೆಯತೊಡಗಿತು. ಇದನ್ನು ಕಂಡ ಫೆರ್ದಿ ದು ವೆರ್ನ್ವಾ ಎಂಬ ಪ್ರಷ್ಯದ ಸೇನಾಧಿಕಾರಿಯು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅನುಭವಶಾಲಿಯಾದ ತೀರ್ಪುಗಾರನ ವಿವೇಚನೆಯೇ ಪಟ್ಟಿಯ ಸ್ಥಾನದಲ್ಲಿ ನಿಲ್ಲಬೇಕೆಂದು ವಾದಿಸಿದನು. ಅಂದಿನಿಂದ ನಿಯಮಬದ್ಧ ಯುದ್ಧದಾಟ, ಸ್ವತಂತ್ರ ಯುದ್ಧದಾಟ ಎಂದು ಎರಡು ಪಂಥಗಳಾದುವು. ಇಂದು ಗಣಕಸಾಧನವನ್ನು ಕುರಿತು ನಡೆಯುವ ವಾದವಿವಾದಗಳು ಬಹುಮಟ್ಟಿಗೆ ಈ ಹಳೆಯ ಜಗಳದ ಮುಂದುವರಿಕೆಯೇ ಆಗಿವೆ ಎಂದು ನಮ್ಮ ಅಭಿಪ್ರಾಯ.

ಈ ಸಂಬಂಧವು ಕೇವಲ ಊಹೆಯದಲ್ಲ. ಅಮೆರಿಕದ ಸೈನ್ಯಾಧಿಕಾರಿ ಟಾಟನ್ ಎಂಬಾತನು 1880ರಲ್ಲಿ ‘ಸ್ಟ್ರಾಟೆಗಾಸ್’ ಎಂಬ ಯುದ್ಧದಾಟದ ಗ್ರಂಥವನ್ನು ಹೊರತಂದಿದ್ದನು. ಮಿನೆಸೋಟದ ಡೇವಿಡ್ ವೆಸ್ಲಿ ಎಂಬುವರು ಈ ಮರೆತ ಗ್ರಂಥವನ್ನು ಓದಿ, ಪಕ್ಷಾತೀತನಾದ ತೀರ್ಪುಗಾರನ ಕಲ್ಪನೆಯನ್ನು ಅದರಿಂದ ಎತ್ತಿಕೊಂಡು, 1969ರಲ್ಲಿ ‘ಬ್ರೌನ್‌ಸ್ಟೈನ್’ ಎಂಬ ಆಟವನ್ನಾಡಿಸಿದರು. ಅದರಲ್ಲಿ ಒಬ್ಬೊಬ್ಬ ಆಟಗಾರನು ಒಂದು ದಳವನ್ನಲ್ಲ, ಒಬ್ಬ ವ್ಯಕ್ತಿಯನ್ನು ನಡೆಸಬೇಕಾಗಿತ್ತು. ಆ ಬಳಗದ ಡೇವ್ ಆರ್ನೆಸನ್ ಇದನ್ನೇ ಕಾಲ್ಪನಿಕ ಲೋಕವೊಂದಕ್ಕೆ ಒಯ್ದು ‘ಬ್ಲ್ಯಾಕ್‌ಮೂರ್’ ಎಂಬ ಆಟವನ್ನು ಬೆಳಸಿದರು. ವಿಸ್ಕಾನ್ಸಿನ್ನಿನ ಲೇಕ್ ಜಿನೀವ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಅವರು ಜೆಫ್ ಪೆರೆನ್ ಅವರೊಡನೆ 1971ರಲ್ಲಿ ಬರೆದ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟದ ಪುಸ್ತಕದಲ್ಲಿ ಡ್ರ್ಯಾಗನ್ ಮೊದಲಾದವುಗಳ ಅನುಬಂಧವಿತ್ತು. ಈ ಎರಡು ಧಾರೆಗಳೂ ಕೂಡಿ 1974ರ ಆಟವಾಯಿತು.

3. ಒಂದೇ ಅಂಕೆಯ ದೈತ್ಯ

ಹೀಗೆ ಹೊರಬಂದ ಮೊದಲ ಆಟವು ಒಂದು ಪೆಟ್ಟಿಗೆಯಲ್ಲಿದ್ದ ಮೂರು ಕಿರುಹೊತ್ತಗೆಗಳು. ಮೊದಲ ಮುದ್ರಣ 1000 ಪ್ರತಿಗಳು, ಬೆಲೆ 10 ಡಾಲರು. ಎರಡನೆಯ ಹೊತ್ತಗೆಯು ದೈತ್ಯರಿಗೂ ಅವರ ನಿಧಿಗಳಿಗೂ ಮೀಸಲಾಗಿತ್ತು. ಅಲ್ಲಿನ ದೈತ್ಯನ ಗುಣಪಟ್ಟಿಯು ಅತ್ಯಂತ ಮಿತವಾದುದು. ಅವನಿಗೆ ಎಷ್ಟು ದಾಳಗಳ ಪ್ರಾಣ ಎಂಬ ಒಂದು ಅಂಕೆಯೇ ಮುಖ್ಯ. ಆ ಅಂಕೆಯಷ್ಟು ಆರುಮುಖದ ದಾಳಗಳನ್ನು ಎಸೆದರೆ ಪ್ರಾಣಾಂಕ ಸಿಕ್ಕಿತು. ಏಟಿನ ಪಟ್ಟಿಯಲ್ಲಿ ಯಾವ ಸಾಲನ್ನು ನೋಡಬೇಕೆಂಬುದನ್ನೂ ಅದೇ ಅಂಕೆಯು ಹೇಳಿತು. ಸೂತ್ರಧಾರನು ಹಳೆಯ ಲಕೋಟೆಯೊಂದರ ಹಿಂಭಾಗದಲ್ಲಿ ಹತ್ತು ದೈತ್ಯರನ್ನು ಕಾಲುಗಂಟೆಯಲ್ಲಿ ಸಿದ್ಧಪಡಿಸಬಹುದಾಗಿತ್ತು. ಇಲ್ಲಿ ಸಾಧನದ ಅಗತ್ಯವೇ ಇರಲಿಲ್ಲ. ಬರೆದುದು ಸ್ವಲ್ಪವಾದುದರಿಂದ ಉಳಿದುದನ್ನೆಲ್ಲ ಸೂತ್ರಧಾರನ ಕಲ್ಪನೆಯೇ ತುಂಬಬೇಕಾಗಿತ್ತು.

1977ರ ಕೊನೆಯಲ್ಲಿ ‘ಮಾನ್ಸ್ಟರ್ ಮ್ಯಾನ್ಯುಅಲ್’ ಎಂಬ ಗಟ್ಟಿರಟ್ಟಿನ ಗ್ರಂಥವು ಪ್ರಕಟವಾಯಿತು. 112 ಪುಟಗಳಲ್ಲಿ 350ಕ್ಕೂ ಮಿಕ್ಕಿದ ದೈತ್ಯರು ಅಕಾರಾದಿಯಾಗಿ ನಿಂತಿದ್ದರು. ಪ್ರತಿಯೊಬ್ಬನಿಗೂ ಒಂದೇ ಕ್ರಮದ ಶೀರ್ಷಿಕೆಗಳು: ಎಷ್ಟು ವಿರಳ, ಎಷ್ಟು ಮಂದಿ ಒಟ್ಟಿಗೆ ಕಾಣುವರು, ಕವಚ, ವೇಗ, ಪ್ರಾಣದ ದಾಳ, ಗುಹೆಯಲ್ಲಿರುವ ಸಂಭವ ನೂರಕ್ಕೆಷ್ಟು, ನಿಧಿಯ ಜಾತಿ, ಏಟುಗಳ ಸಂಖ್ಯೆ, ಬುದ್ಧಿ, ಶೀಲ, ಗಾತ್ರ ಇತ್ಯಾದಿ. ಗಣಕಶಾಸ್ತ್ರದ ವಿದ್ಯಾರ್ಥಿಯು ಇದನ್ನು ನೋಡಿದೊಡನೆ ದತ್ತಾಂಶದ ಕೋಷ್ಟಕವೆಂದು ಗುರುತಿಸಿಯಾನು. ಮನೆಗಳಲ್ಲಿ ಬಳಸುವ ಆಪಲ್ 2 ಮೊದಲಾದ ಪುಟ್ಟ ಗಣಕಯಂತ್ರಗಳು ಮಾರುಕಟ್ಟೆಗೆ ಬಂದುದೂ ಅದೇ 1977ರಲ್ಲಿಯೇ ಎಂಬುದು ಆಕಸ್ಮಿಕವಾದರೂ ಗಮನಿಸತಕ್ಕ ಸಂಗತಿ. ದೈತ್ಯನು ಯಂತ್ರವನ್ನು ಸೇರುವುದಕ್ಕೆ ಮುಂಚೆಯೇ ಯಂತ್ರಕ್ಕೆ ತಕ್ಕ ರೂಪವನ್ನು ಕಾಗದದ ಮೇಲೆ ತಳೆದಿದ್ದನು.

ಈ ಗ್ರಂಥದಲ್ಲಿ ನಮ್ಮ ನಾಡಿನ ವಾಚಕನಿಗೆ ಒಬ್ಬ ಪರಿಚಿತನೂ ದೊರೆಯುತ್ತಾನೆ, ಅವನು ರಾಕ್ಷಸ. 1975ರ ಡಿಸೆಂಬರಿನಲ್ಲಿಯೇ ಆ ಸಂಸ್ಥೆಯ ಪತ್ರಿಕೆಯಲ್ಲಿ ಕಾಣಿಸಿಕೊಂಡ ಇವನು 1977ರಲ್ಲಿ ಹುಲಿಯ ತಲೆ ಹೊತ್ತು ಕುಳಿತಿದ್ದಾನೆ. ಏಳು ದಾಳಗಳ ಪ್ರಾಣ. ಅಭಿಮಂತ್ರಿಸಿದ ಬಾಣವೊಂದು ತಗುಲಿದರೆ ಸಾವು. 1974ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಸಾರವಾದ ದೂರದರ್ಶನದ ಕಥೆಯೊಂದರಲ್ಲಿಯೂ ರಾಕ್ಷಸನನ್ನು ಇಂತಹುದೇ ಬಾಣದಿಂದ ಕೊಲ್ಲಲಾಗುತ್ತದೆ, ಹೋಲಿಕೆಯು ಸ್ಪಷ್ಟವಾಗಿದೆ. ರಾಮಾಯಣದಲ್ಲಿ ವಿಭೀಷಣನೂ ರಾಕ್ಷಸ, ಕುಂಭಕರ್ಣನೂ ರಾಕ್ಷಸ. ಭಾರತದ ಘಟೋತ್ಕಚನು ಪಾಂಡವರಿಗಾಗಿ ಪ್ರಾಣ ಕೊಟ್ಟವನು. ನಾಗಚಂದ್ರನ ಜೈನ ರಾಮಾಯಣದಲ್ಲಂತೂ ರಾವಣನು ವಿದ್ಯಾಧರ ಚಕ್ರವರ್ತಿ. ನಮ್ಮ ಕಾವ್ಯಗಳಲ್ಲಿ ಪ್ರತಿಯೊಬ್ಬನಿಗೂ ಹೆಸರುಂಟು, ತಾಯಿತಂದೆಗಳುಂಟು, ಸಾವಿಗೊಂದು ಕಾರಣವುಂಟು. ಪಟ್ಟಿಯಲ್ಲಿ ಉಳಿದುದು ಜಾತಿಯೊಂದೇ. ಇದನ್ನು ನಾವು ದೂಷಣೆಯಾಗಿ ಹೇಳುತ್ತಿಲ್ಲ. ಕಾಳಗಕ್ಕೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳುವುದು ಪಟ್ಟಿಯ ಧರ್ಮ. ಉಳಿದುದನ್ನು ಮರಳಿ ತುಂಬುವ ಹೊಣೆ ಸೂತ್ರಧಾರನದು ಎಂಬುದನ್ನು ಮರೆಯಬಾರದು, ಅಷ್ಟೆ.

1989ರ ಎರಡನೆಯ ಆವೃತ್ತಿಯಲ್ಲಿ ಪ್ರಕಾಶಕರು ಒಂದು ವಿಶೇಷ ಪ್ರಯೋಗವನ್ನು ನಡೆಸಿದರು. ದೈತ್ಯರ ಪುಟಗಳನ್ನು ಕಟ್ಟದೆ, ಬಿಡಿಹಾಳೆಗಳಾಗಿ ಮುದ್ರಿಸಿ, ಉಂಗುರದ ಕಡತದಲ್ಲಿ ಸೇರಿಸಿಕೊಳ್ಳುವಂತೆ ಮಾರಿದರು. ಹೊಸ ದೈತ್ಯರು ಬಂದಂತೆಲ್ಲ ಅಕಾರಾದಿಯಲ್ಲಿ ನಡುವೆ ಸೇರಿಸಬಹುದು, ಆ ದಿನದ ಆಟಕ್ಕೆ ಬೇಕಾದ ಹಾಳೆಗಳನ್ನಷ್ಟೆ ಹೊರತೆಗೆಯಬಹುದು ಎಂಬುದು ಉದ್ದೇಶ. ಆದರೆ ಹಾಳೆಯ ಎರಡು ಮಗ್ಗುಲಲ್ಲಿ ಇಬ್ಬರು ಬೇರೆ ಬೇರೆ ದೈತ್ಯರಿದ್ದುದರಿಂದ, ಹೊಸ ಹಾಳೆಗಳು ಸೇರಿದೊಡನೆ ಅಕ್ಷರಕ್ರಮವು ಕೆಟ್ಟಿತು. ಬಳಸಿ ಬಳಸಿ ತೂತುಗಳೂ ಹರಿದುವು. 1993ರಲ್ಲಿ ಮತ್ತೆ ಕಟ್ಟಿದ ಗ್ರಂಥಕ್ಕೇ ಮರಳಬೇಕಾಯಿತು. ಬೇಕಾದುದನ್ನು ಆಯ್ದು ಜೋಡಿಸಿಕೊಳ್ಳುವ ಅನುಕೂಲವನ್ನು ಕಾಗದವು ಕೊಡಲಾರದೆ ಹೋದ ಈ ನಿದರ್ಶನವು, ಗಣಕಸಾಧನಕ್ಕೆ ಎಡೆಯು ಎಲ್ಲಿ ಸಿದ್ಧವಾಗಿತ್ತೆಂಬುದನ್ನು ತೋರಿಸುತ್ತದೆ.

4. ಯಂತ್ರದ ಎರಡು ದಾರಿಗಳು

ಗಣಕಯಂತ್ರವು ಈ ಆಟಕ್ಕೆ ಎರಡು ದಾರಿಗಳಿಂದ ಬಂದಿತು. ಇವೆರಡನ್ನೂ ಬೆರೆಸಿದರೆ ವಿಷಯವು ತೊಡಕಾಗುತ್ತದೆ. ಮೊದಲನೆಯ ದಾರಿಯಲ್ಲಿ ಯಂತ್ರವು ಸೂತ್ರಧಾರನ ಸ್ಥಾನವನ್ನೇ ಆಕ್ರಮಿಸುತ್ತದೆ. ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ಬೋಧನಾಗಣಕದಲ್ಲಿ 1975ರಲ್ಲಿಯೇ ‘ಪೆಡಿಟ್5’ ಎಂಬ ಆಟವು ಹುಟ್ಟಿತು. ಪಾಠಕ್ಕೆ ಮೀಸಲಾದ ಕಡತದ ಹೆಸರಿನಲ್ಲಿ ಅದು ಅಡಗಿದ್ದಿತು. ಮೇಲ್ವಿಚಾರಕರು ಕಂಡೊಡನೆ ಅಳಿಸಿಹಾಕಿದರು. ಮುಂದಣ ಅಸಂಖ್ಯ ಗಣಕದಾಟಗಳು ಈ ದಾರಿಯವು. ಎರಡನೆಯ ದಾರಿಯಲ್ಲಿ ಯಂತ್ರವು ಸೂತ್ರಧಾರನ ಗುಮಾಸ್ತ ಮಾತ್ರ. 1988ರಲ್ಲಿ ಎಸ್.ಎಸ್.ಐ. ಎಂಬ ಸಂಸ್ಥೆಯು ಹೊರಡಿಸಿದ ‘ಡಂಜನ್ ಮಾಸ್ಟರ್ಸ್ ಅಸಿಸ್ಟೆಂಟ್’ ಎಂಬ ಸಾಧನದ ಮೊದಲ ಸಂಪುಟವು ದೈತ್ಯರೊಡನೆ ನಡೆಯುವ ಮುಖಾಮುಖಿಗಳನ್ನು ತಯಾರಿಸಿಕೊಡುವುದಕ್ಕೇ ಮೀಸಲಾಗಿತ್ತು. 1996ರಲ್ಲಿ ಮೂಲಗ್ರಂಥಗಳ ಪಾಠವನ್ನೂ ಸಾಧನಗಳನ್ನೂ ಒಳಗೊಂಡ ಸಿ.ಡಿ. ಬಂದಿತು, 1998ರಲ್ಲಿ ಅದರ ಪರಿಷ್ಕೃತ ರೂಪವೂ ಪ್ರಕಟವಾಯಿತು. ನಮ್ಮ ವಿಚಾರವು ಈ ಎರಡನೆಯ ದಾರಿಯನ್ನು ಕುರಿತದ್ದು.

ಆದರೂ 2000ದವರೆಗೆ ಈ ಸಾಧನಗಳು ಅನುಕೂಲಗಳಾಗಿದ್ದುವೇ ಹೊರತು ಅನಿವಾರ್ಯಗಳಾಗಿರಲಿಲ್ಲ. ಆ ವರ್ಷದ ಮೂರನೆಯ ಆವೃತ್ತಿಯು ಪರಿಸ್ಥಿತಿಯನ್ನು ಬದಲಿಸಿತು. ವೀರರಿಗಿರುವ ಆರು ಗುಣಗಳು, ಕೌಶಲಗಳು, ವಿಶೇಷ ಸಾಮರ್ಥ್ಯಗಳು ಎಲ್ಲವೂ ಅದರಲ್ಲಿ ದೈತ್ಯರಿಗೂ ದೊರೆತುವು. ಒಬ್ಬ ದೈತ್ಯನಿಗೆ ನಾಲ್ಕು ದಾಳಗಳ ಪ್ರಾಣವನ್ನು ಹೆಚ್ಚಿಸಬೇಕೆಂದರೆ, ಏಟಿನ ಅಂಕೆ ಏರಬೇಕು. ವಿಶೇಷ ಸಾಮರ್ಥ್ಯಗಳು ಸೇರಬೇಕು.  ಗಾತ್ರ ಬದಲಾದರೆ ಬಲ, ಚರ್ಮದ ಕಾಠಿಣ್ಯ, ಹಾನಿಯ ದಾಳ ಎಲ್ಲವನ್ನೂ ತಿದ್ದಬೇಕು. ಒಂದು ಅಂಕೆಯನ್ನು ಮುಟ್ಟಿದರೆ ಹತ್ತು ಅಂಕೆಗಳು ಅಲುಗುತ್ತವೆ. ಸ್ವತಂತ್ರ ಪ್ರೋಗ್ರಾಮರುಗಳು ಬರೆದು ಹಂಚಿದ ಪಿಸಿಜೆನ್, ಪ್ರಕಾಶಕರ ಪರವಾಗಿ 2002ರಲ್ಲಿ ಬಂದ ‘ಇ-ಟೂಲ್ಸ್’, ಆಟಗಾರರು ತಾವೇ ಹೆಣೆದ ಲೆಕ್ಕಹಾಳೆಗಳು, ಇವೆಲ್ಲ ಈ ಕಾಲದವು. ನಿಯಮವು ಜಟಿಲವಾದುದರಿಂದ ಸಾಧನವು ಬೇಕಾಯಿತು. ಸಾಧನವು ಕೈಗೆ ಬಂದುದರಿಂದ ಜಟಿಲತೆಯು ಸಹ್ಯವಾಯಿತು. ಕಾರ್ಯವೂ ಕಾರಣವೂ ಇಲ್ಲಿ ಒಂದನ್ನೊಂದು ಪೋಷಿಸಿದುವು.

2008ರ ನಾಲ್ಕನೆಯ ಆವೃತ್ತಿಯು ಬೇರೆ ಹಾದಿಯನ್ನು ಹಿಡಿಯಿತು. ಕಾಳಗದಲ್ಲಿ ದೈತ್ಯನ ಕೆಲಸವೇನು ಎಂಬುದನ್ನು ಅದು ಮೊದಲು ಕೇಳಿತು: ಮೈಮೇಲೆ ಬಿದ್ದು ಬಡಿಯುವವನು, ಸಾಲು ಕಾಯುವ ಸೈನಿಕ, ಓಡಾಡಿ ಕಾದುವವನು, ಹೊಂಚುಗಾರ, ದೂರದಿಂದ ಎಸೆಯುವವನು, ರಣಭೂಮಿಯನ್ನು ನಿಯಂತ್ರಿಸುವವನು. ಈ ವರ್ಗವೂ ಮಟ್ಟವೂ ಗೊತ್ತಾದರೆ ಅಂಕೆಗಳೆಲ್ಲ ಸೂತ್ರದಿಂದ ಹೊರಡುತ್ತವೆ. ಉದಾಹರಣೆಗೆ, ಸಾಮಾನ್ಯ ದೈತ್ಯನ ಕವಚಾಂಕವು ಮಟ್ಟಕ್ಕೆ 14 ಸೇರಿಸಿದಷ್ಟು. ಸೂತ್ರವಿದ್ದಲ್ಲಿ ಯಂತ್ರಕ್ಕೆ ಕೆಲಸ ಸುಲಭ. 2009ರಲ್ಲಿ ಚಂದಾದಾರರಿಗೆ ದೊರೆತ ‘ಮಾನ್ಸ್ಟರ್ ಬಿಲ್ಡರ್’ ಎಂಬ ಸಾಧನದಲ್ಲಿ ಐದನೆಯ ಮಟ್ಟದ ದೈತ್ಯನನ್ನು ಎಂಟನೆಯ ಮಟ್ಟಕ್ಕೆ ಏರಿಸಲು ಒಂದು ಗುಂಡಿಯನ್ನು ಒತ್ತಿದರೆ ಸಾಕಾಗಿತ್ತು. ಹಿಂದಿನ ಆವೃತ್ತಿಯಲ್ಲಿ ಒಂದು ಸಂಜೆಯನ್ನು ನುಂಗುತ್ತಿದ್ದ ಕೆಲಸವು ಕ್ಷಣಮಾತ್ರದ್ದಾಯಿತು.

5. ಯಂತ್ರವು ಹೇಳುವುದೇನು?

ಸಾಧನದ ಸ್ವರೂಪವನ್ನು ತಿಳಿಯಲು ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. 2014ರ ಐದನೆಯ ಆವೃತ್ತಿಯ ಪ್ರಕಾರ, ಮೂರನೆಯ ಮಟ್ಟದ ಒಬ್ಬ ವೀರನಿಗೆ ಸುಲಭ ಕಾಳಗವೆಂದರೆ 75 ಅನುಭವಾಂಕ, ಮಧ್ಯಮ 150, ಕಠಿನ 225, ಮಾರಕ 400. ನಾಲ್ವರು ವೀರರಿದ್ದರೆ ಇವು ಕ್ರಮವಾಗಿ 300, 600, 900, 1600 ಆಗುತ್ತವೆ. ಓಗರ್ ಎಂಬ ದೈತ್ಯನ ಬೆಲೆ 450; ಗಾಬ್ಲಿನ್ ಎಂಬ ಕುಳ್ಳನದು 50. ಓಗರ್ ಒಬ್ಬನೇ ಬಂದರೆ 450. ಅದು ಸುಲಭ ಕಾಳಗ. ಅವನೊಡನೆ ನಾಲ್ಕು ಗಾಬ್ಲಿನ್‌ಗಳು ಸೇರಿದರೆ ಮೊತ್ತ 650. ಆದರೆ ಐವರು ಶತ್ರುಗಳು ಸುತ್ತಿಗೆ ಐದು ಏಟು ಹೊಡೆಯುತ್ತಾರಾದುದರಿಂದ, ಮೂರರಿಂದ ಆರು ಮಂದಿಗೆ ಮೊತ್ತವನ್ನು ಇಮ್ಮಡಿಸಬೇಕೆಂದು ನಿಯಮ. ಆಗ 1300 ಆಗಿ ಕಾಳಗವು ಕಠಿನವೆನಿಸುತ್ತದೆ. ಗಣಕಸಾಧನವು ಈ ಲೆಕ್ಕವನ್ನು ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಸಿ, ‘ಕಠಿನ’ ಎಂಬ ಪದವನ್ನು ತೋರಿಸುತ್ತದೆ.

ಆದರೆ ಅದೇ ನಿಯಮವು ಇನ್ನೊಂದು ಮಾತನ್ನೂ ಹೇಳಿದೆ: ಉಳಿದವರಿಗಿಂತ ತೀರ ಬಲಹೀನರಾದ ದೈತ್ಯರನ್ನು, ಅವರಿಂದ ಕಾಳಗಕ್ಕೆ ವಿಶೇಷ ಭಾರವಾಗದೆಂದು ಸೂತ್ರಧಾರನಿಗೆ ತೋರಿದರೆ, ಇಮ್ಮಡಿಯ ಲೆಕ್ಕದಲ್ಲಿ ಎಣಿಸಬಾರದು. ಏಳು ಪ್ರಾಣಾಂಕದ ಗಾಬ್ಲಿನ್‌ಗಳು 59 ಪ್ರಾಣಾಂಕದ ಓಗರ್‌ನ ಪಕ್ಕದಲ್ಲಿ ಎಣಿಕೆಗೆ ಬರುವರೋ ಇಲ್ಲವೋ? ಬಯಲಿನಲ್ಲಿ ನಿಂತಿದ್ದರೆ ಬಾರದಿರಬಹುದು. ಬಂಡೆಗಳ ಮರೆಯಿಂದ ಬಿಲ್ಲು ಹಿಡಿದಿದ್ದರೆ ನಿಶ್ಚಯವಾಗಿ ಬರುತ್ತಾರೆ. ಈ ಭೇದವು ಭೂಮಿಯಲ್ಲಿದೆ, ಸೂತ್ರಧಾರನ ಮನಸ್ಸಿನಲ್ಲಿದೆ, ಅಂಕೆಯಲ್ಲಿಲ್ಲ. ಎಲ್ಲರನ್ನೂ ಕೂಡಿಸಿ ಗುಣಿಸುವ ಸಾಧನವು ನಿಯಮದ ಅರ್ಧವನ್ನು ಮಾತ್ರ ಪಾಲಿಸುತ್ತದೆ; ವಿವೇಚನೆಗೆ ಬಿಟ್ಟ ಅರ್ಧವು ಮೌನವಾಗಿ ಕಳಚಿಹೋಗುತ್ತದೆ.

ಇನ್ನೂ ಗಮನಾರ್ಹವಾದುದು 2024ರ ಪರಿಷ್ಕರಣ. ಅದರಲ್ಲಿ ಗುಣಿಸುವ ನಿಯಮವನ್ನೇ ಕೈಬಿಡಲಾಯಿತು. ಮೂರನೆಯ ಮಟ್ಟಕ್ಕೆ 150, 225, 400 ಎಂಬ ಹಳೆಯ ಅಂಕೆಗಳೇ ಉಳಿದರೂ ಹೆಸರುಗಳು ಅಲ್ಪ, ಮಧ್ಯಮ, ಅಧಿಕ ಎಂದು ಬದಲಾದುವು. ಅದೇ ಓಗರ್, ಅದೇ ನಾಲ್ಕು ಗಾಬ್ಲಿನ್‌ಗಳು ಈಗ 650 ಮಾತ್ರ. ಅಂದರೆ ಅಲ್ಪದ ಮಿತಿಯಾದ 600ಕ್ಕಿಂತ ತುಸು ಮೇಲೆ. ಒಂದು ನಿಯಮದಲ್ಲಿ ಕಠಿನವೆನಿಸಿದ ಕಾಳಗವು ಇನ್ನೊಂದರಲ್ಲಿ ಅಲ್ಪಕ್ಕೆ ಸಮೀಪವಾಯಿತು. ದೈತ್ಯರು ಬದಲಾಗಲಿಲ್ಲ, ವೀರರೂ ಬದಲಾಗಲಿಲ್ಲ, ಬದಲಾದುದು ಸೂತ್ರ. ತೆರೆಯ ಮೇಲೆ ಮೂಡುವ ಪದವು ಅಳತೆಯಂತೆ ಕಂಡರೂ ಅದು ವಾಸ್ತವವಾಗಿ ಯಾರೋ ಒಬ್ಬರ ಅಭಿಪ್ರಾಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

6. ಗ್ರಂಥದಿಂದ ಬಾಡಿಗೆಗೆ

ಜಟಿಲತೆಯೇ ಸಾಧನಕ್ಕೆ ಕಾರಣವೆಂಬ ಮೇಲಿನ ವಾದವು 2014ರ ಅನಂತರದ ಕಾಲಕ್ಕೆ ಹೊಂದುವುದಿಲ್ಲ. ಐದನೆಯ ಆವೃತ್ತಿಯು ಮೂರನೆಯದಕ್ಕಿಂತ ಸರಳವಾದುದು. ಆದರೂ ಸಾಧನಗಳು ಇಮ್ಮಡಿಯಾಗಿ ಬೆಳೆದುವು. ಇದಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕು. ದೂರದೂರುಗಳ ಗೆಳೆಯರು ಜಾಲದ ಮೂಲಕ ಆಡುವ ಪದ್ಧತಿಯು ಬೆಳೆದುದು ಒಂದು ಕಾರಣ. 2004ರ ‘ಫ್ಯಾಂಟಸಿ ಗ್ರೌಂಡ್ಸ್’, 2012ರ ‘ರೋಲ್20’, 2020ರ ‘ಫೌಂಡ್ರಿ’ ಇವು ಭೂಪಟ, ದಾಳ, ಗುಣಪಟ್ಟಿಗಳನ್ನು ತೆರೆಯ ಮೇಲೆಯೇ ಒದಗಿಸಿದುವು. 2020ರ ಮಹಾಮಾರಿಯು ಈ ಪದ್ಧತಿಯನ್ನು ಮನೆಮನೆಗೆ ತಂದಿತು. ಇನ್ನೊಂದು ಕಾರಣವು ವಾಣಿಜ್ಯದ್ದು. 2017ರಲ್ಲಿ ಆರಂಭವಾದ ‘ಡಿ ಅಂಡ್ ಡಿ ಬಿಯಾಂಡ್’ ಎಂಬ ಜಾಲತಾಣದಲ್ಲಿ ಗ್ರಂಥವನ್ನು ಕೊಂಡವನಿಗೆ ಅದರ ದೈತ್ಯರು ಸಾಧನದಲ್ಲಿಯೇ ದೊರೆಯುತ್ತಾರೆ. ಆಟದ ಒಡೆತನವುಳ್ಳ ಹ್ಯಾಸ್‌ಬ್ರೋ ಸಂಸ್ಥೆಯು 2022ರಲ್ಲಿ ಇದನ್ನು 14 ಕೋಟಿ 63 ಲಕ್ಷ ಡಾಲರುಗಳಿಗೆ ಕೊಳ್ಳಲು ಒಪ್ಪಿತು. ದೈತ್ಯರ ಪಟ್ಟಿಯು ಎಷ್ಟು ಬೆಲೆಯುಳ್ಳ ಆಸ್ತಿಯಾಯಿತೆಂಬುದು ಇದರಿಂದ ವೇದ್ಯವಾಗುತ್ತದೆ.

ಇಲ್ಲಿಯೇ ನಮ್ಮ ವಿಷಯದ ತಿರುಳಿರುವುದು. 2009ರ ‘ಮಾನ್ಸ್ಟರ್ ಬಿಲ್ಡರ್’ ಮೊದಲು ಬಳಕೆದಾರನ ಯಂತ್ರದಲ್ಲಿಯೇ ನೆಲಸಿತ್ತು. 2010ರ ನವೆಂಬರಿನಲ್ಲಿ ಅದೇ ಮಾಲೆಯ ಪಾತ್ರನಿರ್ಮಾಣದ ಸಾಧನವು ಸಂಸ್ಥೆಯ ಜಾಲತಾಣಕ್ಕೆ ಹೋಯಿತು; ದೈತ್ಯನಿರ್ಮಾಣದ ಸಾಧನವೂ ಅದನ್ನು ಹಿಂಬಾಲಿಸಿತು. ಆಧಾರವಾಗಿದ್ದ ಸಿಲ್ವರ್‌ಲೈಟ್ ಎಂಬ ತಂತ್ರವು ಬಳಕೆ ತಪ್ಪುತ್ತ ಬರಲು, 2020ರ ಆರಂಭದಲ್ಲಿ ಈ ಸೇವೆಯನ್ನೇ ಮುಚ್ಚಲಾಯಿತು. ಪ್ರತಿಯನ್ನು ಬೇರೆಡೆ ತೆಗೆದಿಟ್ಟುಕೊಳ್ಳದೆ ಅಲ್ಲಿಯೇ ನಂಬಿ ಇರಿಸಿದ್ದವರ ಕೃತಿಗಳು ಸೇವೆಯೊಡನೆ ಹೋದುವು. ಅವು ಮಹಾಕೃತಿಗಳೆಂದು ನಾವು ಹೇಳುವುದಿಲ್ಲ. ಆದರೆ ಹತ್ತು ವರ್ಷಗಳ ಕಾಲ ಜನರು ಸಂಜೆಗಳನ್ನು ಕಳೆದು ಕಲ್ಪಿಸಿದವುಗಳು. 1974ರ ಪೆಟ್ಟಿಗೆಯ ಪ್ರತಿಗಳು ಇಂದೂ ಸಂಗ್ರಾಹಕರ ಬಳಿ ಇವೆ. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ತಿದ್ದುಪಡಿಗಳನ್ನೂ ಓದಬಹುದು. ಅದಕ್ಕಿಂತ ಮೂರುವರೆ ದಶಕ ಈಚಿನ ಸಾಮಗ್ರಿಯೇ ಅದಕ್ಕಿಂತ ದುರ್ಲಭವಾಗಿದೆ.

ಅಳಿಯುವುದೊಂದೇ ಅಪಾಯವಲ್ಲ, ಮೇಲೆ ಬರೆದು ಮುಚ್ಚುವುದೂ ಅಪಾಯವೇ. 2024ರ ಆಗಸ್ಟಿನಲ್ಲಿ, ಆಟಗಾರರ ಪಾತ್ರಪತ್ರಗಳಲ್ಲಿದ್ದ 2014ರ ಮಂತ್ರಗಳನ್ನೂ ಮಾಯಾವಸ್ತುಗಳನ್ನೂ ತೆಗೆದು ಹೊಸ ಪಾಠಗಳನ್ನು ಇರಿಸುವುದಾಗಿ ಜಾಲತಾಣವು ಸಾರಿತು. ಬಳಕೆದಾರರು ಬಲವಾಗಿ ಪ್ರತಿಭಟಿಸಲಾಗಿ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಲಾಯಿತು. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಓಲೆಯ ಪ್ರತಿಯಲ್ಲಿ ಲಿಪಿಕಾರನು ತಿದ್ದಿದರೆ ಹಳೆಯ ಪ್ರತಿಯು ಇನ್ನೊಂದು ಮಠದಲ್ಲಿ ಉಳಿದಿರುತ್ತದೆ, ಪಾಠಾಂತರವು ಸಿಕ್ಕುತ್ತದೆ. ಒಂದೇ ಮೂಲದಿಂದ ಎಲ್ಲರ ತೆರೆಗೂ ಹರಿಯುವ ಪಾಠವನ್ನು ತಿದ್ದಿದರೆ ಪಾಠಾಂತರವೇ ಇರುವುದಿಲ್ಲ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. 2000ದಲ್ಲಿ ಪ್ರಕಾಶಕರೇ ಮುಕ್ತ ಪರವಾನಗಿಯೊಂದನ್ನು ಕೊಟ್ಟು, ನಿಯಮಗಳ ಬಹುಭಾಗವನ್ನು ಇತರರು ಬಳಸಲು ಅನುಮತಿಸಿದ್ದರು. 2023ರ ಜನವರಿಯಲ್ಲಿ ಇದನ್ನು ಬಿಗಿಗೊಳಿಸುವ ಕರಡು ಬಯಲಾಗಿ ದೊಡ್ಡ ವಿವಾದವೆದ್ದಿತು. ಅದೇ ತಿಂಗಳ 27ರಂದು ಸಂಸ್ಥೆಯು ಹಿಂದೆಗೆದು, ಐದನೆಯ ಆವೃತ್ತಿಯ ಮೂಲನಿಯಮಗಳ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಆ ಸಂಗ್ರಹದಲ್ಲಿರುವ ದೈತ್ಯರನ್ನು ಯಾರು ಬೇಕಾದರೂ, ಮೂಲವನ್ನು ಸ್ಮರಿಸಿ, ತಮ್ಮ ಸಾಧನದಲ್ಲಿ ಇರಿಸಿಕೊಳ್ಳಬಹುದು. ಹಲವು ಕಣ್ಣುಗಳ ‘ಬಿಹೋಲ್ಡರ್’ ಮೊದಲಾದ, ಆ ಸಂಸ್ಥೆಯ ವಿಶಿಷ್ಟ ಸೃಷ್ಟಿಗಳ ಗುಣಪಟ್ಟಿಗಳು ಅದರಲ್ಲಿಲ್ಲ. ರಾಕ್ಷಸನಿದ್ದಾನೆ, 1977ರ ಏಳು ದಾಳಗಳು ಈಗ ಹದಿಮೂರಾಗಿ, ಪ್ರಾಣಾಂಕ 110, ಸವಾಲಿನ ಮಟ್ಟ 13. ಸಾವಿರಾರು ವರ್ಷ ಯಾರ ಸ್ವತ್ತೂ ಆಗದೆ ಉಳಿದು ಬಂದವನು ಇಲ್ಲಿಯೂ ಸಾರ್ವಜನಿಕರ ಪಾಲಿಗೇ ಉಳಿದನು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಹೊರಪಡುತ್ತವೆ. ಮೊದಲನೆಯದಾಗಿ, ಲೆಕ್ಕವೋ ತೀರ್ಪೋ ಎಂಬ ಪ್ರಶ್ನೆಯನ್ನು ಯಂತ್ರವು ಹುಟ್ಟಿಸಲಿಲ್ಲ. 1876ರಷ್ಟು ಹಿಂದೆಯೇ ಅದನ್ನು ಕಾಗದದ ಪಟ್ಟಿಗಳ ಎದುರಿನಲ್ಲಿ ಕೇಳಲಾಗಿತ್ತು. ಎರಡನೆಯದಾಗಿ, ಸಾಧನವು ಸೂತ್ರಧಾರನ ಶ್ರಮವನ್ನು ನಿಜವಾಗಿಯೂ ಇಳಿಸಿತು. ಹಾಗೆ ಉಳಿದ ಹೊತ್ತನ್ನು ಅವನು ದೈತ್ಯನಿಗೆ ಹೆಸರನ್ನೂ ಮಾತನ್ನೂ ಕೊಡಲು ಬಳಸಿದರೆ ಅದು ಲಾಭವೇ ಸರಿ. ಸಾಧನವು ಬರಿಯ ಗುಮಾಸ್ತನೆಂದು ವಾದಿಸುವವರ ಮಾತು ಇಷ್ಟರಮಟ್ಟಿಗೆ ಸತ್ಯ. ಆದರೆ ಮೂರನೆಯದಾಗಿ, ಈ ಗುಮಾಸ್ತನು ಬೇರೊಬ್ಬರ ಕಚೇರಿಯಲ್ಲಿ ಕುಳಿತಿದ್ದಾನೆ. ಕಡತದ ಬೀಗದ ಕೈ ನಮ್ಮಲ್ಲಿಲ್ಲ. ರೈಸ್‌ವಿಟ್ಸನ ಪಟ್ಟಿಗಳು ಎಷ್ಟೇ ಬಿಗಿಯಾಗಿದ್ದರೂ ತೀರ್ಪುಗಾರನು ಅವನ್ನು ಪಕ್ಕಕ್ಕೆ ಸರಿಸಬಹುದಾಗಿತ್ತು. ಸರಿಸಿದ ಮೇಲೂ ಅವು ಕಪಾಟಿನಲ್ಲಿರುತ್ತಿದ್ದುವು.

ಈ ಆಟವನ್ನಾಡುವ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿಯೂ ಇದ್ದರೆ, ಅವರಲ್ಲಿ ನಮ್ಮದೊಂದು ಸೂಚನೆಯಿದೆ. ನೀವು ಕಲ್ಪಿಸಿದ ದೈತ್ಯನ ಗುಣಪಟ್ಟಿಯನ್ನು ಒಮ್ಮೆ ಕಾಗದದ ಮೇಲೆ ಇಳಿಸಿರಿ. ಯಾವ ಆವೃತ್ತಿಯ ನಿಯಮ, ಯಾವ ತಾರೀಖು ಎಂಬುದನ್ನು ಬದಿಯಲ್ಲಿ ಗುರುತುಹಾಕಿರಿ. ಕಾಳಗವು ಹೇಗೆ ಮುಗಿಯಿತೆಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಅಧ್ಯಾಪಕರಿಗೆ ಹೇಳುವುದೂ ಇಷ್ಟೆ: ಇಂತಹ ಹಾಳೆಗಳು ಕಣ್ಣಿಗೆ ಬಿದ್ದರೆ ಆಟದ ಕಸವೆಂದು ಎಸೆಯದಿರುವುದು ಮೇಲು. ನಮ್ಮ ಕಾಲದ ಯುವಕರು ಏನನ್ನು ಎಣಿಸಿದರು, ಏನನ್ನು ಎಣಿಕೆಗೆ ಮೀರಿದ್ದೆಂದು ತಿಳಿದರು ಎಂಬುದನ್ನು ಮುಂದಿನ ಇತಿಹಾಸಕಾರನು ಬಯಸಿದರೆ, ಮುಚ್ಚಿಹೋದ ಜಾಲತಾಣವು ಅವನಿಗೆ ಉತ್ತರ ಕೊಡಲಾರದು. ಆ ಹಾಳೆಯು ಕೊಡಬಲ್ಲುದು.